ನನ್ನ ಮಾತು, ನಿನ್ನ ಬಾಯಲ್ಲಿ

"ಕೆಳಗಿರೋ ಆಶ್ರಯವನ್ನ ಮುಚ್ಚಲೇಬೇಕು!"

ಚರ್ಚಿನ ಸಭಾಂಗಣ ಒಂದೇ ಏಟಿಗೆ ತೆಪ್ಪಗಾಯಿತು. ಬಾಯಿಗೆ ಹೋಗುತ್ತಿದ್ದ ಚಹಾ ಲೋಟಗಳು ಅರ್ಧ ದಾರಿಯಲ್ಲೇ ನಿಂತವು.

ಅವಳು ತಲೆ ಎತ್ತಿ ನೋಡಿದಳು. ಕೊನೆಯ ಸಾಲಿನಲ್ಲಿ ಎತ್ತರದ ಮನುಷ್ಯನೊಬ್ಬ ಎದ್ದು ನಿಂತಿದ್ದ. ಮೂಗಿನಿಂದ ಜಾರುವ ಕನ್ನಡಕ, ಅದನ್ನು ಮತ್ತೆ ಮತ್ತೆ ಮೇಲಕ್ಕೆ ತಳ್ಳುವ ಬೆರಳು. ಯಾರಿವನು? ಎಷ್ಟು ಧೈರ್ಯ!

"ಮೇಯರ್‌ಗೆ ಭಾಷಣ ಬರೆದುಕೊಡೋನು," ಎಂದು ಪಕ್ಕದಲ್ಲಿದ್ದ ಸೋದರತ್ತೆ ಕಿವಿಯಲ್ಲಿ ಪಿಸುಗುಟ್ಟಿದಳು. "ಉಗಿದು ಕಳಿಸು!"

ಆದರೆ ಉಗಿದು ಕಳಿಸುವ ಹಾಗಿರಲಿಲ್ಲ. ನಂಬಿಕೆ, ರಾಜಕೀಯ, ಊರಿನ ವ್ಯವಹಾರ ಎಂದು ಪ್ರತಿ ವಾರ ಇಲ್ಲಿ ನಡೆಯುವ ಮಾತುಕತೆಯನ್ನು ನಡೆಸಿಕೊಡುವವಳು ಅವಳೇ. ಈ ಚರ್ಚಿನ ಪಾಸ್ಟರ್ ಮಗಳು. ಮಾತುಕತೆಗೂ ಒಂದು ನಿಯಮವಿತ್ತು, ಅವಳ ಅಮ್ಮ ಹಾಕಿಕೊಟ್ಟದ್ದು. ಎದುರಿನವರಿಗೆ ಉತ್ತರ ಕೊಡುವ ಮೊದಲು ಅವರ ಮಾತನ್ನು ನೀನು ಹೇಳಬೇಕು. ಹೇಳಿ, "ಅದೇನಾ?" ಎಂದು ಕೇಳಬೇಕು. ಅವರು "ಅದೇ" ಎಂದು ಒಪ್ಪಿದ ಮೇಲೆಯೇ ನಿನ್ನ ಸರದಿ.

"ಪೂರ್ತಿ ಹೇಳಿ," ಎಂದಳು.

"ಈ ಚರ್ಚಿನ ಕೆಳಗಿರೋ ನೆಲಮಾಳಿಗೆ ನಗರಸಭೆದು, ನಿಮಗೆ ಬಳಸೋಕೆ ಕೊಟ್ಟಿದ್ದು. ಅಂದ್ರೆ ಎಲ್ಲರದ್ದು. ಎಲ್ಲರ ಜಾಗದಲ್ಲಿ ಮಲಗೋಕೆ ಬಂದ ಹೆಂಗಸು ನಿಮ್ಮ ಪ್ರಾರ್ಥನೆ ಕೇಳಿಸಿಕೊಳ್ಳಬೇಕು ಅನ್ನೋದು ಸರಿಯಲ್ಲ. ಆಶ್ರಯ ಕೊಡೋದು ಸರ್ಕಾರದ ಕೆಲಸ."

ಕೆಳಗಿನ ಆ ಹಾಸಿಗೆಗಳನ್ನು ಮೊದಲು ಹಾಸಿದ್ದೂ ಅಮ್ಮನೇ. ಗಂಡನ ಹೊಡೆತ ತಿಂದವರು, ಮಕ್ಕಳು ಹೊರಹಾಕಿದವರು ಅಲ್ಲಿ ಮಲಗುತ್ತಿದ್ದರು. ಅಮ್ಮ ಹೋದ ಮೇಲೆ ಆ ಕೆಲಸ ಮಗಳದು. ಅವಳಿಗೆ ಅಲ್ಲೇ ಬೈದುಬಿಡಬೇಕೆನಿಸಿತು. ಆದರೂ ನಿಯಮ ನಿಯಮವೇ.

"ಇವರು ಹೇಳೋದು ಇಷ್ಟು," ಎಂದಳು ನಿಧಾನವಾಗಿ. "ಹಾಸಿಗೆಗಾಗಿ ಕಾಯ್ತಿರೋ ಹೆಂಗಸು ಆಮೆನ್ ಅಂದ್ರೆ, ಅದನ್ನ ಹೇಳಿಸಿದ್ದು ಅವಳ ನಿದ್ದೆ, ನಂಬಿಕೆ ಅಲ್ಲ. ಅವಳ ಕಷ್ಟ ಬಳಸಿಕೊಂಡು ನಾವು ದೇವರ ಕೆಲಸ ಸುಲಭ ಮಾಡಿಕೊಡ್ತಿದ್ದೀವಿ. ಅದೇನಾ?"

ಅವನ ಬೆರಳು ಕನ್ನಡಕದ ಮೇಲೆಯೇ ನಿಂತುಬಿಟ್ಟಿತು.

"ಅದೇ... ನನಗಿಂತ ಚೆನ್ನಾಗಿ ಹೇಳಿದ್ರಿ." ಕನ್ನಡಕದಿಂದ ಕೈ ತೆಗೆದು, "ಇಷ್ಟು ಚೆನ್ನಾಗಿ ಹೇಗೆ ಗೊತ್ತು ನಿಮಗೆ?"

ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು. ಅಷ್ಟು ಜನರಲ್ಲಿ ಅದನ್ನು ಗಮನಿಸಿದವನು ಅವನೊಬ್ಬನೇ.

ಸಭೆ ಮುಗಿದ ಮೇಲೆ ಅವಳು ಸೀದಾ ಅವನ ಮುಂದೆ ಹೋಗಿ ಕೈ ಚಾಚಿದಳು.

"ಕೊಡಿ."

"ಏನನ್ನ?"

"ಕನ್ನಡಕ. ನೋಡೋಕಾಗ್ತಿಲ್ಲ ನನಗೆ."

ಪೇಟೆಯ ಕನ್ನಡಕದಂಗಡಿಯಲ್ಲಿ ಅವಳ ಕೆಲಸ. ಚೀಲದಲ್ಲಿ ಸದಾ ಒಂದು ಚಿಕ್ಕ ಸ್ಕ್ರೂ ಡ್ರೈವರ್ ಇರುತ್ತಿತ್ತು. ಸಡಿಲವಾದ ಕಾಲನ್ನು ಬಿಗಿಮಾಡಿ, ಸೆರಗಿನ ತುದಿಯಲ್ಲಿ ಗಾಜು ಒರೆಸಿ ಕೊಟ್ಟಳು.

"ಈಗ ನಿಮ್ಮ ಶತ್ರು ನೆಟ್ಟಗೆ ಕಾಣಿಸ್ತಾಳಾ?"

"ಬಹಳ ಚೆನ್ನಾಗಿ ಕಾಣಿಸ್ತಿದ್ದಾಳೆ," ಎಂದ ಅವನು. ಅಂದದ್ದು ಎಲ್ಲಿಗೆ ಹೋಗಿ ತಟ್ಟಿತು ಎಂದು ಹೊಳೆದು ಕಿವಿಯವರೆಗೂ ಕೆಂಪಾದ.

ಮುಂದಿನ ವಾರವೂ ಬಂದ. ಅದರ ಮುಂದಿನ ವಾರವೂ. ಜಗಳಕ್ಕೆಂದು ಬರುತ್ತಿದ್ದವನು ಯಾವಾಗ ಕುರ್ಚಿ ಎತ್ತಿಡಲು ಉಳಿಯತೊಡಗಿದನೋ ಅತ್ತೆಗೂ ತಿಳಿಯಲಿಲ್ಲ. ಅತ್ತೆಗೆ ತಿಳಿಯದ ವಿಷಯ ಆ ಚರ್ಚಿನಲ್ಲಿ ಇರುವುದೇ ಅಪರೂಪ! ಅಂಗಡಿಗೂ ಬರತೊಡಗಿದ. ಪ್ರತಿ ಸಲವೂ ಅದೇ ಸ್ಕ್ರೂ ಸಡಿಲ.

"ಕೈಯಾರೆ ಬಿಚ್ಚಿಕೊಂಡು ಬರ್ತೀರಾ?" ಎಂದು ಒಮ್ಮೆ ಕೇಳಿದಳು.

"ಉಗುರಿನಿಂದ ಕಷ್ಟ. ಚಾಕು ಬೇಕಾಗುತ್ತೆ," ಎಂದು ಒಪ್ಪಿಕೊಂಡ.

ಅವಳು ನಕ್ಕಳು. ಅಮ್ಮ ಹೋದ ಮೇಲೆ ಹಾಗೆ ನಕ್ಕಿರಲಿಲ್ಲ.

ಅಂಥದೇ ಒಂದು ಸಂಜೆ. ಜನ ಹೋಗಿದ್ದರು, ಅಪ್ಪ ಜ್ವರವೆಂದು ಮನೆಯಲ್ಲಿದ್ದರು. ಕೊನೆಯ ಕುರ್ಚಿಯನ್ನು ಇಬ್ಬರೂ ಎರಡು ಕಡೆ ಹಿಡಿದಿದ್ದರು.

"ಮೊದಲ ದಿನ ಕೇಳಿದ್ರಲ್ಲ, ಹೇಗೆ ಗೊತ್ತು ಅಂತ..." ಅವಳು ಕುರ್ಚಿಯನ್ನು ಕೆಳಗಿಟ್ಟಳು. "ಅಮ್ಮ ತೀರಿಕೊಂಡ ಮೇಲೆ ನಾನು ಪ್ರಾರ್ಥನೆ ಮಾಡೇ ಇಲ್ಲ. ಎಲ್ಲರ ಮುಂದೆ ನಿಂತು ಹಾಡ್ತೀನಿ, ಬಾಯಿ ಆಡಿಸ್ತೀನಿ. ಒಳಗೆ ಏನೂ ಇಲ್ಲ. ಕೆಳಗೆ ಹಾಸಿಗೆ ಹಾಸೋವಾಗ ಮಾತ್ರ ಅಮ್ಮ ಪಕ್ಕದಲ್ಲಿ ನಿಂತಿದ್ದಾಳೆ ಅನ್ಸುತ್ತೆ. ಅಪ್ಪಂಗೆ ಗೊತ್ತಾದ್ರೆ ಸತ್ತೇಹೋಗ್ತಾರೆ."

ಅವನು ಸಮಾಧಾನ ಹೇಳಲಿಲ್ಲ. ನಿಯಮದಂತೆ ಅವಳ ಮಾತನ್ನು ತನ್ನ ಬಾಯಿಗೆ ತೆಗೆದುಕೊಂಡ.

"ದೇವರ ಮನೆಯಲ್ಲಿ ನಾನು ಮಗಳ ಹಾಗೆ ಇಲ್ಲ. ನೆಂಟರ ಹಾಗೆ ಬಾಗಿಲು ನೋಡ್ಕೊಂಡು ಕೂತಿದ್ದೀನಿ. ಆದ್ರೆ ಆ ಮನೆಯಲ್ಲಿ ನನ್ನ ಅಮ್ಮ ಬಿಟ್ಟುಹೋದ ಒಂದು ಕೆಲಸ ಇದೆ, ಅದಕ್ಕೋಸ್ಕರ ಏಳೋಕಾಗ್ತಿಲ್ಲ. ಅದೇನಾ?"

"ಅದೇ..." ಎಂದು ಕುರ್ಚಿಯ ಮೇಲೆ ತಲೆಯಿಟ್ಟು ಅತ್ತಳು. ಅವನ ಕೈ ಅವಳ ಕೈಮೇಲೆ ಬಂದು ಕೂತಿತು. ಇಬ್ಬರೂ ತೆಗೆಯಲಿಲ್ಲ.

ಇಲ್ಲಿಗೇ ಕಥೆ ನಿಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಅಲ್ಲವೇ? ನಿಲ್ಲಲಿಲ್ಲ.

ಪೇಟೆ ಚೌಕದಲ್ಲಿ ಮೇಯರ್ ಸಭೆ. ಬರೆದುಕೊಟ್ಟ ಹಾಳೆಯನ್ನು ಮೇಯರ್ ಮಡಿಚಿ ಜೇಬಿಗಿಟ್ಟು ಮೈಕಿನ ಮುಂದೆ ನಕ್ಕ.

"ಆಶ್ರಯ ಮುಚ್ಚಬೇಡಿ ಅಂತಾರೆ. ದೇವರ ಕೆಲಸ ಅಂತಾರೆ! ಸ್ವಾಮಿ, ಹಾಸಿಗೆ ಹಾಸೋ ಪಾಸ್ಟರ್ ಮಗಳಿಗೇ ದೇವರ ಮೇಲೆ ನಂಬಿಕೆ ಇಲ್ಲ! ದೇವರ ಮನೆಯಲ್ಲಿ ಅವಳು ನೆಂಟರ ಹಾಗೆ ಬಾಗಿಲು ನೋಡ್ಕೊಂಡು ಕೂತಿದ್ದಾಳಂತೆ!"

ಚೌಕವೆಲ್ಲ ಗೊಳ್ಳೆಂದಿತು. ಜನರ ನಡುವೆ ನಿಂತಿದ್ದ ಅವಳ ಕಿವಿಗೆ ನಗು ಕೇಳಿಸಲಿಲ್ಲ. ಆ ಮಾತುಗಳಷ್ಟೇ ಕೇಳಿಸಿದವು. ನೆಂಟರ ಹಾಗೆ, ಬಾಗಿಲು ನೋಡ್ಕೊಂಡು... ಭೂಮಿಯ ಮೇಲೆ ಆ ಮಾತು ಗೊತ್ತಿದ್ದವರು ಇಬ್ಬರೇ!

ವೇದಿಕೆಯ ಹಿಂದೆ ಅವನು ನಿಂತಿದ್ದ. ಮುಖ ಸುಣ್ಣವಾಗಿತ್ತು. ಅವಳು ಮತ್ತೆ ಆ ಕಡೆ ನೋಡಲಿಲ್ಲ.

ಮನೆಯಲ್ಲಿ ಅಪ್ಪ ಊಟದ ಮೇಜಿನ ಮುಂದೆ ಕೂತಿದ್ದರು. ಸುದ್ದಿ ಅವಳಿಗಿಂತ ಮೊದಲೇ ಬಂದು ಕೂತಿತ್ತು.

"ನನಗೆ ಹೇಳೋಕಾಗ್ಲಿಲ್ಲ," ಎಂದರು. "ಅವನಿಗೆ ಹೇಳೋಕಾಯ್ತು."

ಅಷ್ಟೇ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಚರ್ಚಿನ ಹಿರಿಯರು ಆಗಲೇ ಗುಂಪುಗೂಡಿದ್ದರು. ಸ್ವಂತ ಮಗಳನ್ನು ಉಳಿಸಿಕೊಳ್ಳಲಾಗದವರು ನಮಗೇನು ಬೋಧನೆ ಮಾಡುತ್ತಾರೆ? ರಾಜೀನಾಮೆ ಕೊಡಲಿ! ಪಾಸ್ಟರ್ ಕಣ್ಣು ಕೆಳಗೆ ಹಾಕಿಕೊಂಡು ಓಡಾಡತೊಡಗಿದರು.

ಮುಂದಿನ ಮಾತುಕತೆಗೆ ಸಭಾಂಗಣ ಕಿಕ್ಕಿರಿದಿತ್ತು. ತಮಾಷೆ ನೋಡಲು ಯಾರಿಗೆ ಬೇಡ? ಮುಂದಿನ ಸಾಲಿನಲ್ಲಿ ಅಪ್ಪ, ಅವರ ಸುತ್ತ ಬಿಗಿದ ಮುಖದ ಹಿರಿಯರು.

ಅವನು ಬಂದ! ಎಲ್ಲರ ನಡುವೆ ಹಾದು ಅವಳ ಎದುರಿಗೇ ಬಂದು ನಿಂತ.

"ನಾನು ತಪ್ಪು ಮಾಡಿದೆ. ಮೇಯರ್ ನನ್ನನ್ನ ಕೇಳಿದ್ರು, ಆ ಕಡೆಯವರು ಏನಂತಾರೆ ಅಂತ. ಇಲ್ಲಿ ಕಲಿತ ಹಾಗೆ ನಿಮ್ಮ ಮಾತನ್ನ ನಿಮ್ಮ ಹಾಗೇ ಹೇಳಿದೆ. ಅದು ಕೇಳಿದ್ರೆ ಕಲ್ಲೂ ಕರಗುತ್ತೆ, ಆಶ್ರಯ ಉಳಿಯುತ್ತೆ ಅಂದ್ಕೊಂಡೆ. ಅವರು ಈ ನಿಯಮದವರಲ್ಲ ಅನ್ನೋದನ್ನೇ ಮರೆತೆ. ನನ್ನನ್ನ ಕ್ಷಮಿಸಿ."

ನಿಜ. ಒಂದೊಂದು ಅಕ್ಷರವೂ ನಿಜ. ವರ್ಷಗಟ್ಟಲೆ ಬೇರೆಯವರ ಮಾತನ್ನು ಬಾಯಲ್ಲಿಟ್ಟುಕೊಂಡು ರುಚಿ ನೋಡಿದವಳಿಗೆ ಸುಳ್ಳು ಯಾವುದು, ನಿಜ ಯಾವುದು ಎಂದು ಗೊತ್ತಾಗದೆ ಇರುತ್ತದೆಯೇ? ಗೊತ್ತಾಯಿತು. ಆದರೆ ಅಷ್ಟು ದಿನ ತಿಂದ ನೋವನ್ನು ತೀರಿಸಿಕೊಳ್ಳಲು ಅವಳಿಗೂ ಯಾರಾದರೊಬ್ಬರು ಬೇಕಿತ್ತು. ಎದುರಿಗೆ ಸಿಕ್ಕವನು ಅವನು.

ಉತ್ತರಕ್ಕೆ ಮೊದಲು ಅವನ ಮಾತನ್ನು ಅವಳು ಹೇಳಬೇಕಿತ್ತು. ಹೇಳಿದಳು.

"ಇವರು ಹೇಳೋದು, ಒಬ್ಬಳ ಗುಟ್ಟು ಕೈಗೆ ಸಿಕ್ತು, ಸಾಹೇಬರ ಮುಂದೆ ಇಟ್ಟೆ, ಬೆನ್ನು ತಟ್ಟಿಸಿಕೊಂಡೆ. ಅದೇನಾ?"

"ಅಲ್ಲ," ಎಂದ. ಮತ್ತೆ ಮೊದಲಿನಿಂದ ಹೇಳಿದ, ಇನ್ನೂ ಮೆಲ್ಲಗೆ, ಇನ್ನೂ ಸರಳವಾಗಿ.

"ಓ... ಈಗ ಅರ್ಥ ಆಯ್ತು. ತಾಯಿ ಸತ್ತವಳ ಕಣ್ಣೀರು ಭಾಷಣಕ್ಕೆ ಚೆನ್ನಾಗಿ ಒಗ್ಗುತ್ತೆ. ಬರೆಯೋನಿಗೆ ಇನ್ನೇನು ಬೇಕು! ಅದೇನಾ?"

ಯಾರೋ ನಕ್ಕರು. ಅವನ ಕನ್ನಡಕ ಜಾರುತ್ತಿತ್ತು. ಅದನ್ನು ಮೇಲಕ್ಕೆ ತಳ್ಳಲೂ ಕೈ ಏಳಲಿಲ್ಲ.

"ಅಲ್ಲ. ದಯವಿಟ್ಟು..."

"ಹಾಗಾದ್ರೆ ಇದೇ ಇರಬೇಕು." ಅವಳ ದನಿ ತಣ್ಣಗೆ ಕೊರೆಯುತ್ತಿತ್ತು. "ಈ ಹುಡುಗಿ ಮೇಲೆ ನನಗೆ ಯಾವತ್ತೂ ಏನೂ ಇರ್ಲಿಲ್ಲ. ಹತ್ತಿರ ಹೋದ್ರೆ ಸುದ್ದಿ ಸಿಗುತ್ತೆ ಅಂತ ಹೋದೆ. ಅವಳು ಆಡದೇ ಇದ್ದ ಮಾತನ್ನೂ ಸೇರಿಸಿ ಹೇಳಿದೆ. ಅದೇನಾ?"

ಅವನು ಅವಳನ್ನು ನೋಡಿದ. ಆಮೇಲೆ ಮುಂದಿನ ಸಾಲಿನಲ್ಲಿ ಕೂತ ಪಾಸ್ಟರನ್ನು ನೋಡಿದ. ಆ ಮುದುಕರ ಮುಖದಲ್ಲಿ ಸಣ್ಣದೊಂದು ಆಸೆ ಎದ್ದಿತ್ತು. ಅಷ್ಟೂ ಜನರೆದುರು ಎದ್ದ ಆಸೆ, ಪಾಪ... ಇದು ನಿಜವಾಗಿದ್ದರೆ! ಮಗಳು ಮೋಸ ಹೋದವಳಾಗಿದ್ದರೆ!

"ಹೌದು," ಎಂದ ಅವನು. "ಅದೇ."

ತಿರುಗಿ ನಡೆದ. ದಾರಿಯಲ್ಲಿ ಯಾರೋ ಉಗುಳಿದರು. ಒರೆಸಿಕೊಳ್ಳದೆ ಹೋದ.

'ಕೂಗಬೇಕು... ಈಗಲೇ ಕೂಗಬೇಕು... ಸುಳ್ಳು ಹೇಳ್ತಿದ್ದಾನೆ ಅನ್ನಬೇಕು!' ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ಓಡಿಬಂದು ತಬ್ಬಿಕೊಂಡು, "ನೋಡಿದ್ರಾ, ನಮ್ಮ ಮಗೂನ ಹೇಗೆ ಬಳಸಿಕೊಂಡ ಪಾಪಿ!" ಎಂದು ಗೋಳಾಡಿದಳು. ಹಿರಿಯರ ಮುಖ ಸಡಿಲವಾಯಿತು. ಅಪ್ಪ ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟರು.

ಆ ಕೈ ಬೆಚ್ಚಗಿತ್ತು. ಅವಳು ಬಾಯಿ ಮುಚ್ಚಿಕೊಂಡಳು.

ರಾಜೀನಾಮೆಯ ಮಾತು ಅಲ್ಲಿಗೆ ಅಡಗಿತು. ಭಾನುವಾರ ಅವಳು ಎಂದಿನಂತೆ ಮುಂದೆ ನಿಂತು ಹಾಡಿದಳು. ಎಷ್ಟು ಜನ ಕಣ್ಣೊರೆಸಿಕೊಂಡರು!

ಆಶ್ರಯ ಮಾತ್ರ ಉಳಿಯಲಿಲ್ಲ. ನಗರಸಭೆಯವರು ಬೀಗ ತಂದ ದಿನ ಹೆಂಗಸರು ಗಂಟುಮೂಟೆ ಹೊತ್ತು ಮೆಟ್ಟಿಲು ಹತ್ತಿದರು. ಯಾರು ಯಾವ ಕಡೆ ಹೋದರೋ! ಹರಿದ ಹೊದಿಕೆಗಳನ್ನೆಲ್ಲ ಹೊಲಿದುಕೊಡುತ್ತಿದ್ದ ಅಜ್ಜಿ ಕೊನೆಗೆ ಬಂದಳು.

"ನಿಮ್ಮಮ್ಮ ಇದ್ದಿದ್ರೆ ಬಾಗಿಲಿಗೆ ಅಡ್ಡ ನಿಂತು ಜಗಳ ಆಡಿರೋಳು," ಎಂದಳು ಅಜ್ಜಿ. "ನೀನು ಚೆನ್ನಾಗಿ ಹಾಡ್ತೀಯಂತೆ."

ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ಅಜ್ಜಿ ನಗುನಗುತ್ತಾ ಹೇಳಿ ಬಸ್ ನಿಲ್ದಾಣದ ಕಡೆ ಹೊರಟುಹೋದಳು. ಬೀಗ ಬಿದ್ದ ಮೇಲೆ ಪಾಸ್ಟರ್ ಮಗಳು ಆ ಬಾಗಿಲಿಗೆ ಕೈಯಿಟ್ಟು ನಿಂತಳು. ಅಮ್ಮ ಪಕ್ಕದಲ್ಲಿ ಇರಲಿಲ್ಲ.

ಅವನು ಮೇಯರ್ ಕೆಲಸವನ್ನು ಚೌಕದ ಸಭೆಯ ಸಂಜೆಯೇ ಬಿಟ್ಟಿದ್ದನೆಂದು ಆಮೇಲೆ ತಿಳಿಯಿತು. ಈಗ ಒಂದು ಅಚ್ಚುಮನೆಯಲ್ಲಿ ಕರಡು ತಿದ್ದುತ್ತಿದ್ದಾನಂತೆ. ಎರಡು ಕಡೆಗೂ ಬೇಡವಾದವನು.

ಒಂದು ಮಧ್ಯಾಹ್ನ ಅಂಗಡಿಯ ಬಾಗಿಲು ತೆರೆಯಿತು. ಅವನೇ! ಹಣೆಯ ಮೇಲೆ ಗಾಯ, ಅಂಗೈಯಲ್ಲಿ ಎರಡು ತುಂಡಾದ ಕನ್ನಡಕ. ಸಂತೆಯಲ್ಲಿ ಚರ್ಚಿನ ಗಾಯಕರಲ್ಲೇ ಒಬ್ಬ ಅವನನ್ನು ತಳ್ಳಿ ಬೀಳಿಸಿದ್ದ. ಕಣ್ಣು ಕಿರಿದು ಮಾಡಿ ಅತ್ತಿತ್ತ ನೋಡಿದ, ಅವಳು ಎಲ್ಲಿದ್ದಾಳೆಂದು ಕಾಣಿಸಲಿಲ್ಲ.

"ಇದನ್ನ ಸರಿಮಾಡ್ಕೊಡ್ತೀರಾ? ಕೆಲಸ ನಿಂತುಹೋಗಿದೆ."

ಅಂಗಡಿಯ ಯಜಮಾನರು ಗಲ್ಲಾಪೆಟ್ಟಿಗೆಯಿಂದ ಏಳಲೂ ಇಲ್ಲ. "ನಮ್ಮ ಹುಡುಗಿಗೆ ಮೋಸ ಮಾಡಿದವನಿಗೆ ಇಲ್ಲಿ ಕನ್ನಡಕ ಇಲ್ಲ. ತಡಕಾಡಿಕೊಂಡೇ ಇರು. ಎದುರಿನವರ ಮನಸ್ಸು ಕಾಣದವನಿಗೆ ಕಣ್ಣು ಯಾಕೆ?"

ಅವಳು ಕೌಂಟರಿನ ಹಿಂದೆಯೇ ಇದ್ದಳು. ಸ್ಕ್ರೂ ಡ್ರೈವರ್ ಕೈಯಲ್ಲೇ ಇತ್ತು. ಒಂದು ಮಾತು... ಒಂದೇ ಒಂದು ಮಾತು ಸಾಕಿತ್ತು. ನಾಲಿಗೆ ಏಳಲಿಲ್ಲ. ಸದ್ದಾಗಬಾರದೆಂದು ಉಸಿರನ್ನೂ ಬಿಗಿಹಿಡಿದಳು.

"ಇದ್ದಾರಾ ಅವರು?" ಎಂದು ಅವನು ಮೆಲ್ಲಗೆ ಕೇಳಿದ.

ಯಜಮಾನರು ಗಲ್ಲಾಪೆಟ್ಟಿಗೆಯನ್ನು ರಪ್ಪನೆ ಮುಚ್ಚಿದರು. ಅವನು ತುಂಡುಗಳನ್ನು ಜೇಬಿಗಿಟ್ಟುಕೊಂಡ. ಗೋಡೆಗೆ ಕೈ ಕೊಟ್ಟುಕೊಂಡು ಬಾಗಿಲು ಹುಡುಕಿ ಹೋದ.

'ಛೇ! ನಾನು ಮನುಷ್ಯಳಾ?' ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆವತ್ತು ಕೋಪವಿತ್ತು, ಹೋಗಲಿ. ಇವತ್ತು? ಇವತ್ತು ಏನಿತ್ತು? ಅಪ್ಪನ ಕೈಯ ಬಿಸಿ ಕಳೆದುಕೊಳ್ಳುವ ಭಯ, ಅಷ್ಟೇ ತಾನೆ?

ಆ ವಾರದ ವಿಷಯ, ಅಧಿಕಾರದಲ್ಲಿರುವವರು ಸುಳ್ಳು ಹೇಳಬಹುದೇ. ಮೇಯರನ್ನು ಹಿಗ್ಗಾಮುಗ್ಗಾ ಜಾಡಿಸಲು ಎಲ್ಲರೂ ಸಜ್ಜಾಗಿ ಬಂದಿದ್ದರು. ಅವಳು ಎದ್ದು ನಿಂತಳು.

"ಮೊದಲು ನನ್ನ ಸುಳ್ಳು ಕೇಳಿ." ಹಿರಿಯರ ಸಾಲಿನ ಕಡೆ ತಿರುಗಿದಳು. "ಅವತ್ತು ಇಲ್ಲಿ ಬಂದವರು ನಿಜ ಹೇಳಿದ್ರು. ನನಗದು ಗೊತ್ತಿತ್ತು. ಗೊತ್ತಿದ್ದೇ ಬೇಕಂತ ತಿರುಚಿದೆ. ಅವರು ಒಪ್ಪಿಕೊಂಡಿದ್ದು ಅಪ್ಪನ ಮುಖ ನೋಡಿ. ಮೇಯರ್ ಹೇಳಿದ್ದೂ ನಿಜ. ನನಗೆ ಪ್ರಾರ್ಥನೆ ಬರ್ತಿಲ್ಲ. ಇಲ್ಲಿ ಮೋಸ ಮಾಡಿದವಳು ನಾನು."

ಅತ್ತೆ "ಅಯ್ಯೋ!" ಎಂದು ಬಾಯಿಗೆ ಕೈ ಹಿಡಿದಳು.

"ಉತ್ತರ ಕೊಡೋ ಮುಂಚೆ ಯಾರಾದ್ರೂ ನನ್ನ ಮಾತು ಹೇಳ್ಬೇಕು," ಎಂದಳು ಅವಳು. "ಅಪ್ಪಾ... ನೀವು ಹೇಳ್ತೀರಾ?"

ಪಾಸ್ಟರ್ ಕುರ್ಚಿಯ ಕೈ ಹಿಡಿದು ಎದ್ದರು. ಎಷ್ಟೋ ಸಾವುಗಳ ಮುಂದೆ ನಿಂತು ಮಾತಾಡಿದ ಗಂಟಲು ಇಂದು ಒಡೆದಿತ್ತು.

"ನನ್ನ ಮಗಳು ಹೇಳೋದು... ಒಬ್ಬ ಮನುಷ್ಯ ಕ್ಷಮೆ ಕೇಳೋಕೆ ಬಂದ. ಅವನ ಬಾಯಿಂದ ನಾನು ಸುಳ್ಳು ಹೇಳಿಸಿದೆ. ಆ ಸುಳ್ಳಿನ ಮೇಲೆ ಅಪ್ಪನ ಕೆಲಸ ಉಳೀತು." ಮಗಳ ಮುಖ ನೋಡಿದರು. "ಅಪ್ಪಂಗೂ ಅದು ಸುಳ್ಳು ಅನ್ನಿಸಿತ್ತು. ಆದ್ರೆ ನಂಬೋಕೆ ಹಿತವಾಗಿತ್ತು, ನಂಬಿದ. ಅದೇನಾ?"

ಕೊನೆಯ ಮಾತನ್ನು ಅವಳು ಹೇಳಿರಲಿಲ್ಲ.

"ಅದೇ, ಅಪ್ಪಾ."

ಅವರು ಹಿರಿಯರ ಕಡೆ ತಿರುಗಿದರು. "ಭಾನುವಾರದಿಂದ ಬೇರೆಯವರನ್ನ ನೋಡ್ಕೊಳ್ಳಿ." ಯಾರೂ ಬೇಡವೆನ್ನಲಿಲ್ಲ. ಒಬ್ಬರೂ! ಆಮೇಲೆ ಮಗಳಿಗೆ, "ನನಗೆ ನಿನ್ನ ಮೇಲೆ ಕೋಪ ಇದೆ. ಬೇಗ ಹೋಗೋ ಕೋಪ ಅಲ್ಲ ಇದು. ನಡಿ, ಊಟ ಮಾಡೋಣ."

ಬೆಳಿಗ್ಗೆ ಅವಳು ಅಚ್ಚುಮನೆಗೆ ಹೋದಳು. ಯಂತ್ರದ ಸದ್ದು, ಶಾಯಿಯ ವಾಸನೆ. ಕಿಟಕಿಯ ಪಕ್ಕದಲ್ಲಿ ಅವನು ಹಾಳೆಗೆ ಮೂಗು ತಾಗುವಷ್ಟು ಬಾಗಿ ಕೂತಿದ್ದ. ಹೆಜ್ಜೆ ಕೇಳಿ ತಲೆ ಎತ್ತಿದ.

"ಯಾರು?"

"ಸ್ಕ್ರೂ ಹಾಕೋಳು."

ಅವನು ಹಾಳೆಯನ್ನು ಕೆಳಗಿಟ್ಟ. ಮುಖದಲ್ಲಿ ನಗು ಬರಲಿಲ್ಲ.

"ಯಾಕೆ ಬಂದ್ರಿ?"

"ಅವತ್ತು ನಿಮ್ಮ ಮಾತನ್ನ ನಾನು ಹೇಳಬೇಕಿತ್ತು. ಹೇಳ್ಲಿಲ್ಲ. ಈಗ ಹೇಳ್ತೀನಿ." ಅವಳು ಅವನೆದುರು ಕೂತಳು. "ನಾನು ಅವಳ ಮಾತನ್ನ ಎಷ್ಟು ಪ್ರೀತಿಯಿಂದ ಎತ್ತಿಕೊಂಡೆ ಅಂದ್ರೆ, ಅದನ್ನ ಯಾರ ಮುಂದೆ ಇಡ್ತಿದ್ದೀನಿ ಅಂತ ನೋಡ್ಲಿಲ್ಲ. ತಪ್ಪಾಯ್ತು. ಆಮೇಲೆ ಅವಳ ಮಾನ, ಅವಳ ಅಪ್ಪನ ಮಾನ ಉಳೀಲಿ ಅಂತ ಸುಳ್ಳನ್ನ ಒಪ್ಪಿಕೊಂಡೆ. ಅದೇನಾ?"

"ಅಲ್ಲ."

ಅವಳು ಮುಂದಕ್ಕೆ ಬಾಗಿದಳು. "ಏನು ಬಿಟ್ಟೆ?"

"ನಾನು ಅಷ್ಟು ಒಳ್ಳೆಯವನಲ್ಲ."

ಯಂತ್ರ ಗಡಗಡ ಎನ್ನುತ್ತಿತ್ತು. ಅವಳು ಅವನ ಹಣೆಯ ಗಾಯವನ್ನು ನೋಡಿದಳು, ಏನೂ ಕಾಣದೆ ತನ್ನ ಕಡೆ ತಿರುಗಿದ್ದ ಆ ಕಣ್ಣುಗಳನ್ನು ನೋಡಿದಳು. ಅರ್ಥವಾಯಿತು. ಬಾಯಿಬಿಟ್ಟು ಹೇಳುವುದು ಮಾತ್ರ ಕಷ್ಟವಾಯಿತು.

"ಅಂಗಡಿಯಲ್ಲಿ ಅವಳು ಅಲ್ಲೇ ಇದ್ಲು. ಉಸಿರು ಬಿಗಿಹಿಡಿದಿದ್ದು ನನಗೆ ಕೇಳಿಸ್ತು. ಆವತ್ತು ಅವಳ ಮೇಲೆ ದ್ವೇಷ ಬಂತು. ಅದು ಇನ್ನೂ ಪೂರ್ತಿ ಹೋಗಿಲ್ಲ. ಅದೇನಾ...?"

ಕಣ್ಣಿಂದ ಹರಿದದ್ದನ್ನು ಶಾಯಿ ಮೆತ್ತಿದ ಕೈಯಿಂದಲೇ ಒರೆಸಿಕೊಂಡ.

"ಅದೇ," ಎಂದ. "ಅದೇ..."

ಅವಳು ಮೇಜಿನ ಮೇಲಿದ್ದ ತುಂಡುಗಳನ್ನು ಎತ್ತಿಕೊಂಡು ಚೀಲದಿಂದ ಸಾಮಾನು ತೆಗೆದಳು. ಮೂಗಿನ ಮೇಲೆ ಕೂರುವ ನಡುಭಾಗ ಕೂಡಿಸಿ, ತಂತಿ ಬಿಗಿದು, ಕಾಲು ಸೇರಿಸಿದಳು. ಗಾಜಿನ ಒಂದು ಮೂಲೆಯಲ್ಲಿ ಬಿರುಕು ಉಳಿಯಿತು. ಹೊಸ ಗಾಜು ಅಂಗಡಿಯಲ್ಲಿತ್ತು, ಆದರೆ ಅಂಗಡಿಯ ಬಾಗಿಲು ಇನ್ನು ಅವಳಿಗೂ ತೆರೆಯುವುದು ಅನುಮಾನವಾಗಿತ್ತು.

"ಬಿರುಕು ಹೋಗ್ಲಿಲ್ಲ," ಎಂದಳು.

"ಇರ್ಲಿ ಬಿಡಿ."

ಎರಡೂ ಕೈಯಿಂದ ಕನ್ನಡಕವನ್ನು ಅವನ ಕಿವಿಗೆ ಸಿಕ್ಕಿಸಿದಳು. ಕೈ ಹಿಂದಕ್ಕೆ ಬರಲಿಲ್ಲ, ಅವನ ಕೆನ್ನೆಯ ಮೇಲೆಯೇ ಉಳಿಯಿತು.

"ನನ್ನದೂ ಒಂದು ಮಾತಿದೆ," ಎಂದಳು. "ನಾನು ನಿನ್ನನ್ನ ಪ್ರೀತಿಸ್ತೀನಿ. ಮೊದಲ ದಿನ ಕಿವಿ ಕೆಂಪಾಯ್ತಲ್ಲ, ಆವತ್ತಿಂದ. ಕಡೇ ಸಾಲಿನಿಂದ ಎದ್ದು ನನ್ನ ಹೊಟ್ಟೆ ಉರಿಸಿದೋನು, ಪ್ರಪಂಚದಲ್ಲಿ ನನ್ನ ಮಾತು ನನಗೇ ಸರಿಯಾಗಿ ಕೇಳಿಸಿದೋನು ನೀನೊಬ್ಬನೇ."

ಅವನು ಬಿರುಕಿನ ಈ ಪಕ್ಕದಿಂದ ಅವಳನ್ನು ನೋಡಿದ. ಕೋಪ ಅಲ್ಲೇ ಇತ್ತು. ಅದರ ಪಕ್ಕದಲ್ಲೇ ಇನ್ನೊಂದೂ ಇತ್ತು, ಅದೂ ಎದ್ದು ಹೋಗುವ ಹಾಗೆ ಕಾಣಲಿಲ್ಲ.

"ಈ ಹುಡುಗಿ ಹೇಳೋದು," ಎಂದ ಕೊನೆಗೆ, "ಇನ್ನು ಮುಂದೆ ಬೇರೆ ಯಾರ ಹತ್ರನೂ ಸ್ಕ್ರೂ ಹಾಕಿಸ್ಕೋಬಾರದು ಅಂತ. ಕೋಪ ಬಂದಾಗ ಅವಳ ಮುಖಕ್ಕೇ ಹೇಳ್ಬೇಕು ಅಂತ. ಅದೇನಾ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಅದೇ!" ಎಂದಳು. "ಚಾಕು ಮಾತ್ರ ಮುಟ್ಟಬೇಡ."